ಹೊಸ ಟಿವಿಗೆ ಹಳೆಯ ಡಿವಿಡಿ ಪ್ಲೇಯರ್: ಚಿತ್ರವಿಲ್ಲ, ಗುಂಯ್ ಎಂಬ ಸದ್ದು ಮಾತ್ರ

ಕುಂದಾಪುರದ ಮಗಳು

ನಾನಿರುವುದು ಬೆಂಗಳೂರಿನಲ್ಲಿ, ಅಪ್ಪ ಇರುವುದು ಕುಂದಾಪುರದಿಂದ ಹನ್ನೆರಡು ಕಿಲೋಮೀಟರ್ ಒಳಗೆ. ಈ ಮಳೆಗಾಲದ ಮೊದಲ ಸಿಡಿಲಿಗೆ ಮನೆಯ ಹಳೆಯ ಡಬ್ಬಾ ಟಿವಿ ಹೋಯಿತು. 32 ಇಂಚಿನ ಎಲ್‌ಇಡಿ ಟಿವಿ ಕೊಡಿಸಿದೆ. ಅಪ್ಪನಿಗೆ ಟಿವಿಯ ಚಿಂತೆಯಿಲ್ಲ, 2009ರಲ್ಲಿ ಕೊಂಡ ಡಿವಿಡಿ ಪ್ಲೇಯರಿನದೇ ಚಿಂತೆ. ಯಕ್ಷಗಾನ, ತಾಳಮದ್ದಳೆ ಸೇರಿ ನೂರನಲವತ್ತು ಡಿಸ್ಕುಗಳಿವೆ. ಟಿವಿ ಗೋಡೆಗೆ ಹಾಕಲು ಬಂದ ಹುಡುಗ "ಇದಕ್ಕೆಲ್ಲ ಈಗ ಪಿನ್ ಇರುವುದಿಲ್ಲ" ಎಂದು ಹೇಳಿ ಹೋಗಿದ್ದಾನೆ.

ಟಿವಿಯ ಹಿಂಬದಿಯಲ್ಲಿ ಎರಡು ಎಚ್‌ಡಿಎಂಐ, ಒಂದು ಯುಎಸ್‌ಬಿ, ಮತ್ತೆ ಎವಿ ಇನ್ ಎಂದು ಬರೆದಿರುವ ಒಂದು ಸಣ್ಣ ಗುಂಡು ತೂತು ಇದೆ. ಪ್ಲೇಯರಿನ ಹಿಂದೆ ಹಳದಿ-ಬಿಳಿ-ಕೆಂಪು, ಅದರ ಪಕ್ಕ ಹಸಿರು-ನೀಲಿ-ಕೆಂಪು. ಪೇಟೆಯ ಅಂಗಡಿಯಿಂದ ಒಂದು ಕಡೆ ಮೂರು ಬಣ್ಣ, ಇನ್ನೊಂದು ಕಡೆ ಹೆಡ್‌ಫೋನಿನಂಥ ಪಿನ್ ಇರುವ ಕೇಬಲ್ ತಂದು ಸಿಕ್ಕಿಸಿದರು. ಚಿತ್ರವೇ ಇಲ್ಲ. ಬದಲಿಗೆ ಸ್ಪೀಕರಿನಿಂದ ಗುಂಯ್ ಎಂಬ ಸದ್ದು. ಎಮ್ಮೆ ಹೆದರಿತಂತೆ. ಎಲ್ಲವನ್ನೂ ನಾನು ಫೋನಿನಲ್ಲೇ ಹೇಳಿಕೊಡಬೇಕು. ಎಲ್ಲಿಂದ ಶುರು ಮಾಡಲಿ?

ಒಂದೇ ಸಾಲು

ಟಿವಿಯ ರಿಮೋಟಿನಲ್ಲಿ ಸೋರ್ಸ್ ಒತ್ತಿ ಎವಿ ಆರಿಸಿದ್ದೀರಾ?

ಕುಂದಾಪುರದ ಮಗಳು

ಆರಿಸಿದ್ದೇವೆ. ಎಚ್‌ಡಿಎಂಐ ಇಟ್ಟರೆ ಸದ್ದೂ ಇಲ್ಲ, ಎವಿ ಇಟ್ಟರೆ ಗುಂಯ್.

ಹೊಸತೇ ಚಂದ

ಡಿವಿಡಿಯ ಕಾಲ ಮುಗಿದು ಎಷ್ಟು ವರ್ಷವಾಯಿತು! ಯಕ್ಷಗಾನವೆಲ್ಲ ಯೂಟ್ಯೂಬಿನಲ್ಲಿದೆ. ಟಿವಿ ಹೇಗೂ ಸ್ಮಾರ್ಟ್ ಇರಬೇಕು. ಆ ಪೆಟ್ಟಿಗೆಯನ್ನು ಗುಜರಿಗೆ ಹಾಕಿ, ಒಂದು ಇಂಟರ್ನೆಟ್ ಸಂಪರ್ಕ ಕೊಡಿಸಿ. ನಿಮಗೂ ನೆಮ್ಮದಿ, ಎಮ್ಮೆಗೂ ನೆಮ್ಮದಿ.

ಬೆಸುಗೆ ಕಡ್ಡಿ

ಗುಜರಿಯ ಮಾತು ಆಮೇಲೆ. ತಂಗಿ, ಆ ಗುಂಯ್ ಸದ್ದಿನಲ್ಲೇ ನಿಮ್ಮ ಪ್ರಶ್ನೆಗೆ ಉತ್ತರವಿದೆ.

ಟಿವಿ ಚಿತ್ರ ಕಳಿಸಲು ನಮ್ಮ ದೇಶ ಒಪ್ಪಿಕೊಂಡ ಪ್ಯಾಲ್ ಪದ್ಧತಿಯಲ್ಲಿ ಚಿತ್ರದ ಸಂಕೇತ ಪ್ರತಿ ಚಿತ್ರಕ್ಕೆ ಎರಡು ಸಲದಂತೆ ಸೆಕೆಂಡಿಗೆ 50 ಸಲ ಪರದೆಯನ್ನು ಗುಡಿಸಿಕೊಂಡು ಹೋಗುತ್ತದೆ. ಅದು ತಪ್ಪಿ ಧ್ವನಿಯ ದಾರಿಗೆ ಬಂದರೆ ಸ್ಪೀಕರ್ ಆ ಐವತ್ತನ್ನೇ ಗುಂಯ್ ಎಂದು ಹಾಡುತ್ತದೆ. ಅಂದರೆ ಪ್ಲೇಯರ್ ಸರಿ ಇದೆ, ಚಿತ್ರವನ್ನು ಕಳಿಸುತ್ತಿದೆ. ಕೇಬಲ್ ಅದನ್ನು ತಪ್ಪು ಮನೆಗೆ ತಲುಪಿಸುತ್ತಿದೆ.

ಆ ಸಣ್ಣ ಪಿನ್ನನ್ನು ಗಮನಿಸಿ ನೋಡಿದರೆ ಮೂರು ಕಪ್ಪು ಗೆರೆಗಳು ಕಾಣುತ್ತವೆ. ಅವು ಪಿನ್ನನ್ನು ನಾಲ್ಕು ಪಾಲು ಮಾಡುತ್ತವೆ: ಚಿತ್ರ, ಎಡ ಧ್ವನಿ, ಬಲ ಧ್ವನಿ, ಮತ್ತೆ ಈ ಮೂರಕ್ಕೂ ಸೇರಿದ ವಾಪಸು ದಾರಿಯಾದ ಗ್ರೌಂಡ್. ಯಾವ ಪಾಲು ಯಾರದು ಎಂಬುದಕ್ಕೆ ಎಲ್ಲ ತಯಾರಕರೂ ಒಪ್ಪಿದ ಒಂದು ಕ್ರಮವಿಲ್ಲ. ಕ್ಯಾಮೆರಾಕ್ಕೆಂದು ಮಾಡಿದ ಕೇಬಲ್ ಒಂದು ಬಗೆ, ಟಿವಿಗೆಂದು ಮಾಡಿದ್ದು ಇನ್ನೊಂದು ಬಗೆ. ಅಂಗಡಿಯವನ ಕಣ್ಣಿಗೆ ಎರಡೂ ಒಂದೇ.

ಅಪ್ಪನಿಗೆ ಹೀಗೆ ಹೇಳಿ. ಮೊದಲು ಧ್ವನಿಯನ್ನು ಪೂರ್ತಿ ತಗ್ಗಿಸಲಿ. ಪ್ಲೇಯರಿನ ಹಿಂದಿನ ಮೂರೂ ಪಿನ್ನುಗಳನ್ನು ಕಿತ್ತುಬಿಡಲಿ. ಪ್ಲೇಯರಿನ ಹಳದಿ ತೂತಿಗೆ ಮೊದಲು ಕೇಬಲಿನ ಬಿಳಿ ಪಿನ್ನನ್ನು, ಆಮೇಲೆ ಕೆಂಪು ಪಿನ್ನನ್ನು ಹಾಕಿ ನೋಡಲಿ. ಯಾವುದರಲ್ಲಿ ಚಿತ್ರ ಬರುತ್ತದೆಯೋ ಅದನ್ನು ಅಲ್ಲೇ ಬಿಡಲಿ. ಉಳಿದ ಎರಡು ಬಿಳಿ ಮತ್ತು ಕೆಂಪು ತೂತುಗಳಿಗೆ. ಅವು ಅದಲುಬದಲಾದರೂ ಚೆಂಡೆ ಬಲಗಡೆಯ ಬದಲು ಎಡಗಡೆ ಕೇಳಿಸಬಹುದು, ಅಷ್ಟೇ. ಬಣ್ಣಕ್ಕೆ ಬಣ್ಣ ಹೊಂದಿಸಬೇಕೆಂಬ ನಿಯಮವನ್ನು ಈ ಒಂದು ಸಂದರ್ಭದಲ್ಲಿ ಮರೆಯಬೇಕು. ಯಾವುದರಲ್ಲೂ ಚಿತ್ರ ಬಾರದಿದ್ದರೆ ಗ್ರೌಂಡಿನ ಜಾಗವೇ ಬೇರೆ ಎಂದರ್ಥ. ಆಗ ಬೇರೆ ಕೇಬಲ್ಲೇ ಗತಿ.

ಇಷ್ಟನ್ನೂ ಮಾಡುವಾಗ ಟಿವಿ, ಪ್ಲೇಯರ್ ಎರಡರ ಪ್ಲಗ್ಗನ್ನೂ ಒಮ್ಮೆ ತೆಗೆದು ಕೇಬಲ್ ಬದಲಿಸಿದರೆ ಒಳ್ಳೆಯದು. ಕರಾವಳಿಯ ಜೂನ್ ತಿಂಗಳು ಬೇರೆ. ಸಿಡಿಲು ಕಂಡರೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಕೇಬಲ್ ಟಿವಿ ಅಥವಾ ಡಿಶ್ಶಿನ ತಂತಿಯನ್ನೂ ಕೀಳಬೇಕು. ಸಿಡಿಲು ಆ ದಾರಿಯಿಂದಲೂ ಬರುತ್ತದೆ.

ತುಂಗಾತೀರ

ನಮ್ಮ ತೀರ್ಥಹಳ್ಳಿಯ ಮನೆಯಲ್ಲಿ ಇದೇ ಕಥೆಯಾಗಿತ್ತು. ನಾನು ಕೇಬಲಿನ ಸಹವಾಸ ಬಿಟ್ಟು, ಎವಿಯನ್ನು ಎಚ್‌ಡಿಎಂಐ ಮಾಡುವ ಪುಟ್ಟ ಪರಿವರ್ತಕ ತರಿಸಿದೆ. ಮೊದಲ ಸಲ ತರಿಸಿದ್ದು ಉಲ್ಟಾ. ಎಚ್‌ಡಿಎಂಐಯನ್ನು ಎವಿ ಮಾಡುವ ಡಬ್ಬಿಯೂ ನೋಡಲು ಹಾಗೆಯೇ ಇರುತ್ತದೆ, ಮೇಲಿನ ಬರಹ ಮಾತ್ರ ಹಿಂದುಮುಂದು. ಪ್ಲೇಯರಿನ ಕಡೆಯದಕ್ಕೆ ಇನ್‌ಪುಟ್ ಎಂದೂ ಎಚ್‌ಡಿಎಂಐ ಕಡೆಗೆ ಔಟ್‌ಪುಟ್ ಎಂದೂ ಬರೆದಿರುವುದನ್ನು ನೋಡಿ ಕೊಳ್ಳಬೇಕು. ಅದಕ್ಕೆ 5 ವೋಲ್ಟ್ ವಿದ್ಯುತ್ತೂ ಬೇಕು. ಟಿವಿಯ ಯುಎಸ್‌ಬಿಯಿಂದಲೇ ಕೊಡಬಹುದು. ಕೊಡದಿದ್ದರೆ ಡಬ್ಬಿ ಸುಮ್ಮನೆ ಕುಳಿತಿರುತ್ತದೆ.

ಎಚ್‌ಡಿಎಂಐ ಎಂದ ಮಾತ್ರಕ್ಕೆ ಚಿತ್ರ ಫಳಫಳ ಹೊಳೆಯುತ್ತದೆ ಎಂದುಕೊಂಡಿದ್ದೆ. ಅದು ಆಗುವುದಿಲ್ಲ. ಪ್ಯಾಲ್ ಡಿವಿಡಿಯಲ್ಲಿರುವುದೇ 720×576 ಚುಕ್ಕಿ. ಅದನ್ನು ಎಳೆದು ದೊಡ್ಡದು ಮಾಡಿದರೆ ರಂಗೋಲಿ ದೊಡ್ಡದಾಗುತ್ತದೆ, ಚುಕ್ಕಿ ಹೆಚ್ಚುವುದಿಲ್ಲ.

ಕುಂದಾಪುರದ ಮಗಳು

ಕೆಂಪು ಪಿನ್ ಹಳದಿ ತೂತಿಗೆ! ಚಿತ್ರ ಬಂತು! ಅಪ್ಪ ಮತ್ತು ಪಕ್ಕದ ಮನೆಯ ಏಳನೇ ತರಗತಿ ಹುಡುಗ ಸೇರಿ ಮಾಡಿದ್ದಾರೆ. "ಬಣ್ಣ ತಪ್ಪಿಸಿದರೆ ಸರಿಯಾಗುವ ಯಂತ್ರವನ್ನು ಈಗಲೇ ನೋಡಿದ್ದು" ಎಂದರು ಅಪ್ಪ.

@ಹೊಸತೇ ಚಂದ, ನಮ್ಮೂರಿನಲ್ಲಿ ಮಳೆ ಶುರುವಾದರೆ ಫೋನ್ ಮಾಡಲು ಗುಡ್ಡ ಹತ್ತಬೇಕು. ಯೂಟ್ಯೂಬ್ ಎಲ್ಲಿಂದ ಬಂತು?

ಈಗ ಹೊಸ ದೂರುಗಳು. ಒಂದು, ಎಲ್ಲರೂ ದಪ್ಪಗೆ ಕಾಣುತ್ತಾರೆ. ಅಭಿಮನ್ಯುವಿನ ಕೇದಗೆ ಮುಂದಲೆ ಅಡ್ಡಕ್ಕೆ ಹಿಗ್ಗಿ ಮೊರದಂತಾಗಿದೆ. ಎರಡು, ಅಣ್ಣ ಅಮೆರಿಕದಿಂದ ತಂದುಕೊಟ್ಟ ಒಂದು ಡಿಸ್ಕ್ ಮಾತ್ರ ಕಪ್ಪು-ಬಿಳುಪಾಗಿ ಉರುಳುತ್ತದೆ. ಮೂರು, ಪ್ರತಿದಿನ ಹಾಕಿದಾಗಲೂ ಗಣಪತಿ ಸ್ತುತಿಯಿಂದಲೇ ಶುರುವಾಗುತ್ತದೆ. ಹಳೆಯ ಟಿವಿಯಲ್ಲಿ ಬಿಟ್ಟಲ್ಲಿಂದಲೇ ಬರುತ್ತಿತ್ತು ಎನ್ನುತ್ತಾರೆ.

ಸಾಗರದಾಚೆ

ಎರಡನೆಯದಕ್ಕೆ ನಾನು ಉತ್ತರಿಸುತ್ತೇನೆ. ನ್ಯೂಜೆರ್ಸಿಯಲ್ಲಿದ್ದುಕೊಂಡು ಇದರ ತದ್ವಿರುದ್ಧದ ಕಷ್ಟವನ್ನು ವರ್ಷಗಟ್ಟಲೆ ಅನುಭವಿಸಿದವನು ನಾನು.

ಅಮೆರಿಕದ್ದು ಎನ್‌ಟಿಎಸ್‌ಸಿ ಪದ್ಧತಿ. ಪ್ರತಿ ಚಿತ್ರದಲ್ಲಿ 576ರ ಬದಲು 480 ಸಾಲು, ಸೆಕೆಂಡಿಗೆ 25ರ ಬದಲು ಸುಮಾರು 30 ಚಿತ್ರ. ಟಿವಿ ಪ್ಯಾಲ್ ಎಂದು ಹಟ ಹಿಡಿದು ಕುಳಿತಿದ್ದರೆ ಬಣ್ಣ ಹೋಗುತ್ತದೆ, ಚಿತ್ರ ಉರುಳುತ್ತದೆ. ಟಿವಿಯ ಮೆನುವಿನಲ್ಲಿ ಕಲರ್ ಸಿಸ್ಟಮ್ ಎಂಬಲ್ಲಿ ಆಟೋ ಇಡಿ. ಪ್ಲೇಯರಿನ ಸೆಟಪ್ಪಿನಲ್ಲಿ ಟಿವಿ ಟೈಪ್ ಇರುತ್ತದೆ. ಅಲ್ಲಿ ಪ್ಯಾಲ್ ಇಟ್ಟರೆ ಬಹುತೇಕ ಪ್ಲೇಯರುಗಳು ತಾವೇ ಪರಿವರ್ತಿಸಿ ಕೊಡುತ್ತವೆ.

ಇದಕ್ಕೂ ರೀಜನ್ ಕೋಡಿಗೂ ಸಂಬಂಧವಿಲ್ಲ, ಜನ ಎರಡನ್ನೂ ಬೆರೆಸುತ್ತಾರೆ. ರೀಜನ್ ಎನ್ನುವುದು ಮಾರಾಟಗಾರರು ಹಾಕಿದ ಬೇಲಿ: ಅಮೆರಿಕ ಮತ್ತು ಕೆನಡಾ 1, ಯುರೋಪ್ ಮತ್ತು ಜಪಾನ್ 2, ಭಾರತ 5, ಚೀನಾ 6. ಬೇಲಿಗೆ ಸಿಕ್ಕಿಬಿದ್ದರೆ ಪರದೆಯ ಮೇಲೆ ರೀಜನ್ ತಪ್ಪು ಎಂಬ ಬರಹ ಬರುತ್ತದೆ, ಚಿತ್ರ ಬರುವುದೇ ಇಲ್ಲ. ನಿಮ್ಮಲ್ಲಿ ಚಿತ್ರ ಉರುಳುತ್ತಿದೆ ಎಂದರೆ ಬೇಲಿ ದಾಟಿ ಆಗಿದೆ. ಊರಿನಿಂದ ನಾನು ತಂದ ಪ್ಯಾಲ್ ಡಿಸ್ಕುಗಳು ಇಲ್ಲಿನ ಪ್ಲೇಯರಿನಲ್ಲಿ ಓಡದೆ, ಕೊನೆಗೆ ಕಂಪ್ಯೂಟರಿನಲ್ಲೇ ನೋಡುತ್ತಿದ್ದೆ. ಕಂಪ್ಯೂಟರಿಗೆ ಪ್ಯಾಲೂ ಒಂದೇ, ಎನ್‌ಟಿಎಸ್‌ಸಿಯೂ ಒಂದೇ.

ಬೆಸುಗೆ ಕಡ್ಡಿ

ದಪ್ಪಗೆ ಕಾಣುವುದು ಹಳೆಯ ಚೌಕ ಚಿತ್ರವನ್ನು ಅಗಲ ಪರದೆಗೆ ಎಳೆದದ್ದರಿಂದ. ಪ್ಲೇಯರಿನಲ್ಲಿ 16:9 ಇಟ್ಟು, ಯಕ್ಷಗಾನ ನೋಡುವಾಗ ಟಿವಿಯ ಪಿಕ್ಚರ್ ಸೈಜ್ 4:3 ಮಾಡಿ. ಎರಡೂ ಬದಿ ಕಪ್ಪು ಪಟ್ಟಿ ಬರುತ್ತದೆ. ಕೆಲವರಿಗೆ ಅದು ದುಡ್ಡು ವ್ಯರ್ಥವಾದಂತೆ. ನನಗೆ ಕೇಳಿದರೆ ಮೊರಕ್ಕಿಂತ ಪಟ್ಟಿ ಮೇಲು.

ಬಿಟ್ಟಲ್ಲಿಂದ ಶುರುವಾಗಲು ಸ್ಟಾಪನ್ನು ಒಂದೇ ಸಲ ಒತ್ತಬೇಕು. ಒಂದು ಸಲ ಒತ್ತಿದರೆ ಯಂತ್ರ ಜಾಗ ನೆನಪಿಟ್ಟುಕೊಳ್ಳುತ್ತದೆ, ಎರಡನೆಯ ಸಲ ಒತ್ತಿದರೆ ಮರೆಯುತ್ತದೆ. ಅಪ್ಪ ಹೊಸ ಟಿವಿಯ ಗಲಿಬಿಲಿಯಲ್ಲಿ ಖಾತ್ರಿಗೆಂದು ಎರಡು ಸಲ ಒತ್ತುತ್ತಿರಬೇಕು. ಗೋಡೆಯ ಸ್ವಿಚ್ಚನ್ನೇ ಆರಿಸಿದರೂ ಹಲವು ಯಂತ್ರಗಳು ಮರೆಯುತ್ತವೆ. ನಿಮ್ಮ ಊರಿಗೆ ನಾನೇ ಪ್ಲಗ್ ಕೀಳಲು ಹೇಳಿದ್ದೇನೆ, ಹಾಗಾಗಿ ಇನ್ನೊಂದು ಉಪಾಯ: ನಿಲ್ಲಿಸುವಾಗ ಡಿಸ್‌ಪ್ಲೇ ಒತ್ತಿ ಸಮಯ ಬರೆದಿಟ್ಟುಕೊಳ್ಳುವುದು, ಮರುದಿನ ಗೋ ಟು (GOTO) ಗುಂಡಿ ಒತ್ತಿ ಆ ಸಮಯವನ್ನೇ ಕೊಡುವುದು. ನನ್ನ ಗಿರಾಕಿಯೊಬ್ಬರು ಡಿಸ್ಕಿನ ಲಕೋಟೆಯ ಮೇಲೆಯೇ ಸೀಸದಕಡ್ಡಿಯಲ್ಲಿ ಬರೆಯುತ್ತಿದ್ದರು. ಡಿಸ್ಕಿನ ಮೇಲೆ ಬರೆಯಬಾರದು.

ಗ್ರಂಥಪಾಲಕ (ನಿವೃತ್ತ)

ವಯಸ್ಸಾದವರಿಗೆ ರಿಮೋಟೇ ದೊಡ್ಡ ಶತ್ರು. ನಲವತ್ತು ಗುಂಡಿಗಳಲ್ಲಿ ಬೇಕಾದವು ಐದು. ಪ್ಲೇ, ಸ್ಟಾಪ್, ಓಪನ್, ಮೆನು, ಓಕೆ ಇವುಗಳಿಗೆ ಉಗುರುಬಣ್ಣದ ಚುಕ್ಕಿ ಇಡಿ. ಉಳಿದವುಗಳ ಮೇಲೆ ಒಂದು ಪಾರದರ್ಶಕ ಹಾಳೆ ಅಂಟಿಸಿದವರನ್ನೂ ಕಂಡಿದ್ದೇನೆ. ರಿಮೋಟ್ ಕೆಲಸ ಮಾಡುತ್ತಿದೆಯೇ ಎಂದು ಅನುಮಾನ ಬಂದರೆ ಮೊಬೈಲಿನ ಮುಂದಿನ ಕ್ಯಾಮೆರಾಕ್ಕೆ ತೋರಿಸಿ ಗುಂಡಿ ಒತ್ತಿ. ತುದಿಯ ದೀಪ ನೇರಳೆಯಾಗಿ ಮಿನುಗಿದರೆ ರಿಮೋಟ್ ಸರಿ ಇದೆ.

ನೂರನಲವತ್ತು ಡಿಸ್ಕು ಎಂದದ್ದು ಕೇಳಿ ಕಿವಿ ನಿಮಿರಿತು. ಮೋಸರ್ ಬೇರ್ ಕಂಪನಿ ವಿಸಿಡಿಗೆ 28 ರೂಪಾಯಿ, ಡಿವಿಡಿಗೆ 34 ರೂಪಾಯಿ ಎಂದು ಮಾರತೊಡಗಿದ ಕಾಲದಲ್ಲಿ ನಮ್ಮ ಕಾಲೇಜಿನ ಗ್ರಂಥಾಲಯಕ್ಕೂ ಒಂದು ಕಪಾಟು ಡಿಸ್ಕು ಬಂದಿತ್ತು. ಅಡ್ಡ ಮಲಗಿಸಿ ಪೇರಿಸಬೇಡಿ, ಪುಸ್ತಕದಂತೆ ನಿಲ್ಲಿಸಿ. ಒರೆಸುವಾಗ ಮಧ್ಯದಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು. ದುಂಡಗೆ ಒರೆಸಿದರೆ ಗೀರು ಓದುವ ದಾರಿಯ ಉದ್ದಕ್ಕೂ ಬೀಳುತ್ತದೆ. ಅಡ್ಡ ಗೀರನ್ನು ಯಂತ್ರ ಲೆಕ್ಕ ಹಾಕಿ ತುಂಬಿಕೊಳ್ಳಬಲ್ಲದು, ಉದ್ದುದ್ದ ಗೀರಿನಲ್ಲಿ ಒಂದೇ ಕಡೆ ಬಹಳಷ್ಟು ಕಳೆದುಹೋಗುತ್ತದೆ.

ತುಂಗಾತೀರ

ಟೂತ್‌ಪೇಸ್ಟ್ ಹಚ್ಚಿ ಉಜ್ಜಿದರೆ ಗೀರು ಮಾಯವಾಗುತ್ತದೆ. ನಾನು ಮಾಡಿದ್ದೇನೆ.

ಬೆಸುಗೆ ಕಡ್ಡಿ

ಮಾಯವಾಗುವುದಿಲ್ಲ. ಒಂದು ಆಳದ ಗೀರಿನ ಬದಲು ನೂರು ಸಣ್ಣ ಗೀರು ಬರುತ್ತವೆ. ಅದೃಷ್ಟವಿದ್ದರೆ ಲೇಸರ್ ಆ ನೂರನ್ನು ದಾಟಿಕೊಳ್ಳುತ್ತದೆ. ಮನೆಯಲ್ಲಿ ಬೇಡದ ಡಿಸ್ಕಿದ್ದರೆ ಪ್ರಯೋಗ ಮಾಡಿ. ಅಪ್ಪನ ತಾಳಮದ್ದಳೆಯ ಮೇಲೆ ಬೇಡ. ನಿಮ್ಮ ಕಡೆಯ ಬೂಷ್ಟಿಗೆ ತಣ್ಣೀರು, ಒಂದು ಹನಿ ಪಾತ್ರೆ ಸೋಪು, ಹತ್ತಿಬಟ್ಟೆ ಸಾಕು.

ತುಂಗಾತೀರ

ನನ್ನ ಡಿಸ್ಕ್ ಓಡುತ್ತಿದೆ. ನಾನು ಅಷ್ಟೇ ಹೇಳುವುದು.

ಹೊಸತೇ ಚಂದ

ಗುಜರಿಗೆ ಹಾಕಿ ಎಂದಿದ್ದೆ, ಆದರೂ ನನ್ನದೊಂದು ಪ್ರಶ್ನೆ. ನನ್ನ ಬಳಿಯೂ ಒಂದು ಪ್ಲೇಯರಿದೆ, ಕಪಾಟಿನಿಂದ ಇಳಿಸಿದೆ. ಸಿನಿಮಾ ಅರ್ಧ ಆದಾಗ ಒಂದು ಕ್ಷಣ ಸ್ತಬ್ಧವಾಗಿ ಮುಂದುವರಿಯುತ್ತದೆ. ಪ್ರತಿ ಸಲವೂ ಅದೇ ಜಾಗದಲ್ಲಿ. ಲೆನ್ಸ್ ಹೋಯಿತೇ?

ಬೆಸುಗೆ ಕಡ್ಡಿ

ಗುಜರಿಯಿಂದ ಹಿಂತಿರುಗಿದ್ದಕ್ಕೆ ಸಂತೋಷ. ಲೆನ್ಸ್ ಸರಿಯಿದೆ. ಒಂದು ಪದರದ ಡಿವಿಡಿಯಲ್ಲಿ 4.7 ಜಿಬಿ, ಎರಡು ಪದರದ್ದರಲ್ಲಿ 8.5 ಜಿಬಿ ಹಿಡಿಯುತ್ತದೆ. ದೊಡ್ಡ ಸಿನಿಮಾ ಎರಡೂ ಪದರಗಳಲ್ಲಿ ಹಂಚಿಕೊಂಡಿರುತ್ತದೆ. ಮೊದಲ ಪದರ ಮುಗಿದಾಗ ಲೇಸರ್ ತನ್ನ ದೃಷ್ಟಿಯನ್ನು ಎರಡನೆಯದಕ್ಕೆ ಹೊಂದಿಸಬೇಕು. ಆಗ ಅರ್ಧ ಸೆಕೆಂಡ್ ನಿಲ್ಲುತ್ತದೆ. ಪದರ ಬದಲಾವಣೆ ಎನ್ನುತ್ತೇವೆ. ಈ ದೂರಿನೊಂದಿಗೆ ಬಂದ ಎಷ್ಟೋ ಪ್ಲೇಯರುಗಳನ್ನು ನಾನು ದುಡ್ಡು ತೆಗೆದುಕೊಳ್ಳದೆ ವಾಪಸು ಕಳಿಸಿದ್ದೇನೆ. ಗಿರಾಕಿಗಳು ನನಗೆ ಕೆಲಸ ಬರುವುದಿಲ್ಲ ಎಂದುಕೊಂಡು ಬೇರೆ ಅಂಗಡಿಗೆ ಹೋದರು.

ಕುಂದಾಪುರದ ಮಗಳು

ಮೂರು ದಿನ ಎಲ್ಲವೂ ಚೆನ್ನಾಗಿತ್ತು. ಇವತ್ತು ಬೆಳಿಗ್ಗೆಯಿಂದ ಪರದೆ ಪೂರ್ತಿ ಕಪ್ಪು. ಡಿಸ್ಕ್ ತಿರುಗುವ ಸದ್ದಿದೆ, ಭಾಗವತರ ಹಾಡು ಸ್ಪಷ್ಟ. ಚಿತ್ರವಿಲ್ಲ. ಕೇಬಲ್ ಯಾರೂ ಮುಟ್ಟಿಲ್ಲವಂತೆ. ಅಪ್ಪ ನನ್ನ ಮೇಲೆಯೇ ಮುನಿಸಿಕೊಂಡಿದ್ದಾರೆ. ಉಗುರುಬಣ್ಣ ಹಚ್ಚಿದ್ದರಿಂದ ಕೆಟ್ಟಿತು ಎಂದು ಅವರ ವಾದ.

ಒಂದೇ ಸಾಲು

ರಿಮೋಟಿನಲ್ಲಿ ಪಿ-ಸ್ಕ್ಯಾನ್ ಅಥವಾ ವಿ-ಮೋಡ್ ಎಂಬ ಗುಂಡಿ ಇದೆಯೇ?

ಬೆಸುಗೆ ಕಡ್ಡಿ

ನೂರಕ್ಕೆ ನೂರು ಅದೇ. ನನ್ನ ಇಪ್ಪತ್ತು ವರ್ಷದ ಅನ್ನ ಆ ಗುಂಡಿಯದು.

ಹಳದಿ ತೂತಿನಲ್ಲಿ ಬರುವುದು ಬಣ್ಣ, ಬೆಳಕು ಎಲ್ಲ ಕಲಸಿದ ಒಂದೇ ಸಂಕೇತ. ಪಕ್ಕದ ಹಸಿರು-ನೀಲಿ-ಕೆಂಪಿನಲ್ಲಿ ಚಿತ್ರ ಬಿಡಿಸಿಕೊಂಡು ಮೂರು ದಾರಿಯಲ್ಲಿ ಹೋಗುತ್ತದೆ. ಅದು ಕಾಂಪೊನೆಂಟ್. ಪಿ-ಸ್ಕ್ಯಾನ್ ಎಂದರೆ ಪ್ರೊಗ್ರೆಸಿವ್ ಸ್ಕ್ಯಾನ್, ಚಿತ್ರದ ಸಾಲುಗಳನ್ನು ಎರಡು ಕಂತು ಮಾಡದೆ ಒಮ್ಮೆಗೇ ಕಳಿಸುವ ಬಗೆ. ಅದು ನಡೆಯುವುದು ಆ ಮೂರರಲ್ಲಿ ಮಾತ್ರ. ಗುಂಡಿ ಒತ್ತಿದ ಕೂಡಲೇ ಹಲವು ಪ್ಲೇಯರುಗಳು ಹಳದಿಗೆ ಚಿತ್ರ ಕಳಿಸುವುದನ್ನೇ ನಿಲ್ಲಿಸುತ್ತವೆ. ಧ್ವನಿಯ ದಾರಿ ಬೇರೆಯಾದ್ದರಿಂದ ಹಾಡು ಕೇಳುತ್ತಲೇ ಇರುತ್ತದೆ. ಮೆನುವಿಗೆ ಹೋಗಿ ಸರಿಪಡಿಸೋಣವೆಂದರೆ ಮೆನುವೂ ಕಾಣಿಸದು. ಮನೆಯೊಳಗೆ ಬೀಗದಕೈ ಇಟ್ಟು ಬಾಗಿಲು ಎಳೆದುಕೊಂಡ ಹಾಗೆ.

ಡಿಸ್ಕ್ ತೆಗೆಯಲಿ, ಟ್ರೇ ಮುಚ್ಚಿ ಯಂತ್ರ ಸುಮ್ಮನಾಗಲಿ. ಆಮೇಲೆ ಆ ಗುಂಡಿಯನ್ನು ಒಮ್ಮೆ ಒತ್ತಿ ಐದು ಸೆಕೆಂಡ್ ಕಾಯಲಿ. ಚಿತ್ರ ಬಾರದಿದ್ದರೆ ಮತ್ತೊಮ್ಮೆ ಒತ್ತಿ ಕಾಯಲಿ. ಪ್ರತಿ ಒತ್ತಿಗೂ ಅದು ಒಂದೊಂದು ದಾರಿಗೆ ತಿರುಗುತ್ತದೆ, ಸುತ್ತಿ ಹಳದಿಗೆ ಬರಲೇಬೇಕು. ಪಟಪಟನೆ ಒತ್ತಿದರೆ ಬಂದದ್ದೂ ತಿಳಿಯದೆ ದಾಟಿಹೋಗುತ್ತದೆ.

ಇದರ ತಂಗಿಯಂಥ ಇನ್ನೊಂದು ದೂರಿದೆ, ಮುಂದೆ ಹುಡುಕಿ ಬರುವವರಿಗಾಗಿ ಬರೆದಿಡುತ್ತೇನೆ. ಕೆಲವು ಟಿವಿಗಳಲ್ಲಿ ಹಳದಿಗೂ ಹಸಿರಿಗೂ ಒಂದೇ ತೂತು. ಅಲ್ಲಿ ಹಳದಿ ಪಿನ್ ಹಾಕಿ ಸೋರ್ಸಿನಲ್ಲಿ ಕಾಂಪೊನೆಂಟ್ ಆರಿಸಿದರೆ ಚಿತ್ರ ಕಪ್ಪು-ಬಿಳುಪಾಗುತ್ತದೆ. ಬಣ್ಣ ಹೋಯಿತು ಎಂದು ಟಿವಿ ಬಿಚ್ಚಿಸಿದವರಿದ್ದಾರೆ. ಸೋರ್ಸಿನಲ್ಲಿ ಎವಿ ಆರಿಸಿದರೆ ಮುಗಿಯಿತು.

ಸಾಗರದಾಚೆ

ಇದರ ಜೊತೆಗೆ ಎಲ್/ಆರ್ ಗುಂಡಿಯನ್ನೂ ಸೇರಿಸಿ. ಕರೋಕೆ ವಿಸಿಡಿಗಳಲ್ಲಿ ಒಂದು ಕಿವಿಗೆ ವಾದ್ಯ, ಇನ್ನೊಂದಕ್ಕೆ ಗಾಯಕರ ಧ್ವನಿ ಇರುತ್ತಿತ್ತು. ನಮ್ಮ ಮನೆಯಲ್ಲಿ ಆ ಗುಂಡಿ ಒತ್ತಿಹೋಗಿ ಗಾಯಕರು ಒಂದು ತಿಂಗಳು ಮೌನವಾಗಿದ್ದರು.

ಕುಂದಾಪುರದ ಮಗಳು

ಎರಡನೆಯ ಒತ್ತಿಗೆ ಬಂತು. ಪಕ್ಕದ ಮನೆಯ ಹುಡುಗನೇ ಒತ್ತಿದ್ದನೆಂದು ಒಪ್ಪಿಕೊಂಡ. ಆ ಗುಂಡಿಯ ಮೇಲೆ ಈಗ ಅಂಟುಪಟ್ಟಿ ಇದೆ.

ಕೊನೆಯದೊಂದು ಉಳಿದಿದೆ, ನಿಜವಾಗಿ ಇಡೀ ಗಲಾಟೆಯ ಮೂಲವೂ ಅದೇ. 2011ರಲ್ಲಿ ಊರಿನ ತಾಳಮದ್ದಳೆಯಲ್ಲಿ ಅಪ್ಪ ಶಲ್ಯನ ಅರ್ಥ ಹೇಳಿದ್ದರು, ಅವರ ಗೆಳೆಯರೊಬ್ಬರು ಕರ್ಣ. ಶಲ್ಯ "ಬಾಣವನ್ನು ಇಳುಹಿ ಮತ್ತೆ ತೊಡು" ಎನ್ನುವ ಸಂದರ್ಭದಲ್ಲಿ ತನ್ನ ಮಾತಿಗೆ ಉತ್ತರ ತೋಚದೆ ಕರ್ಣ ಸುಮ್ಮನೆ ಕುಳಿತುಬಿಟ್ಟ ಎಂದು ಅಪ್ಪನ ವಾದ. ಸುಮ್ಮನಾದದ್ದು ನೀನೇ ಎಂದು ಗೆಳೆಯರ ವಾದ. ಹದಿಮೂರು ವರ್ಷದಿಂದ ಇತ್ಯರ್ಥವಾಗಿಲ್ಲ. ಸ್ಟುಡಿಯೊದವರು ಮಾಡಿಕೊಟ್ಟ ಡಿಸ್ಕ್ ಇದೆ. ಬೇರೆಲ್ಲ ಡಿಸ್ಕ್ ಓಡುತ್ತವೆ, ಇದನ್ನು ಹಾಕಿದರೆ ಗರಗರ ಎಂದು ತಿರುಗಿ ನೋ ಡಿಸ್ಕ್ ಎನ್ನುತ್ತದೆ. ಮೇಲೆ ಫೋಟೊ ಇರುವ ಕಾಗದ ಅಂಟಿಸಿದ್ದಾರೆ.

ಗ್ರಂಥಪಾಲಕ (ನಿವೃತ್ತ)

ಅಯ್ಯೋ, ಅಂಟಿಸಿದ ಕಾಗದ! ಅದನ್ನು ಕೀಳಲು ಹೋಗಬೇಡಿ.

ಬೆಸುಗೆ ಕಡ್ಡಿ

ಹೌದು, ಕೀಳಬೇಡಿ. ಅರ್ಧ ಕಿತ್ತುಬಂದರೆ ತೂಕ ಇನ್ನಷ್ಟು ಏರುಪೇರಾಗುತ್ತದೆ.

ಮೂರು ಕಾರಣಗಳಿರಬಹುದು. ಕಾಗದದ ಭಾರಕ್ಕೆ ಡಿಸ್ಕ್ ಓಲಾಡುತ್ತಿರಬಹುದು, ಗರಗರ ಸದ್ದು ಅದನ್ನೇ ಸೂಚಿಸುತ್ತದೆ. ಎರಡನೆಯದು, ಅಂಗಡಿಯ ಡಿವಿಡಿಗಳಲ್ಲಿ ಅಚ್ಚೊತ್ತಿದ ಗುಳಿಗಳಿರುತ್ತವೆ, ಸ್ಟುಡಿಯೊದ ಡಿಸ್ಕಿನಲ್ಲಿ ಬಣ್ಣದ ಪದರವನ್ನು ಲೇಸರಿನಿಂದ ಸುಟ್ಟಿರುತ್ತಾರೆ. ಪ್ಲೇಯರಿನ ಲೇಸರ್ ಮಂಕಾದಾಗ ಮೊದಲು ಎಡವುವುದು ಇಂಥವುಗಳ ಮೇಲೆಯೇ. ಮೂರನೆಯದು, ಬರೆದವರು ಕೊನೆಗೆ ಫೈನಲೈಸ್ ಮಾಡದೆ, ಅಂದರೆ ಬೇರೆ ಯಂತ್ರಗಳೂ ಓದುವಂತೆ ಬರಹವನ್ನು ಮುಗಿಸಿ ಮುಚ್ಚದೆ ಬಿಟ್ಟಿದ್ದರೆ, ಬರೆದ ಯಂತ್ರದಲ್ಲಿ ಬಿಟ್ಟು ಬೇರೆಲ್ಲೂ ಓಡದು. ಆದರೆ ಹಿಂದೆ ಒಮ್ಮೆಯಾದರೂ ನಿಮ್ಮ ಮನೆಯಲ್ಲಿ ಓಡಿತ್ತೇ?

ಕುಂದಾಪುರದ ಮಗಳು

ಮೊದಲ ವರ್ಷ ಹತ್ತು ಸಲ ಓಡಿತ್ತಂತೆ. ಆಮೇಲೆ ಗೆಳೆಯರ ಮನೆಗೆ ಹೋಗಿ, ಇತ್ತೀಚೆಗೆ ವಾಪಸು ಬಂತು.

ಬೆಸುಗೆ ಕಡ್ಡಿ

ಹಾಗಾದರೆ ಮೂರನೆಯ ಕಾರಣವಲ್ಲ. ಪ್ಲೇಯರಿನ ಮುಚ್ಚಳ ತೆಗೆದು ಲೆನ್ಸ್ ಒರೆಸುವ ಸಲಹೆ ಯಾರಾದರೂ ಕೊಡುವ ಮುನ್ನವೇ ಹೇಳಿಬಿಡುತ್ತೇನೆ: ಅಪ್ಪನ ಕೈಯಲ್ಲಿ ಮಾಡಿಸಬೇಡಿ. ಒಳಗಿನ ವಿದ್ಯುತ್ ಪೂರೈಕೆಯ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಹೆಚ್ಚು ಇರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಇರುತ್ತದೆ. ಲೇಸರನ್ನು ಇಣುಕಿ ನೋಡುವ ಚಪಲ ಬೇರೆ.

ಡಿಸ್ಕನ್ನು ನೀವೇ ಬೆಂಗಳೂರಿಗೆ ತನ್ನಿ. ಕಂಪ್ಯೂಟರಿಗೆ ಹೊರಗಿನಿಂದ ಹಾಕುವ ಡಿವಿಡಿ ಡ್ರೈವ್ ಎಸ್‌ಪಿ ರಸ್ತೆಯಲ್ಲಿ ಸಿಗುತ್ತದೆ. ಡಿಸ್ಕ್ ತೆರೆದರೆ ವಿಡಿಯೊ ಟಿಎಸ್ ಎಂಬ ಕಡತಕೋಶ ಕಾಣುತ್ತದೆ. ಅದರೊಳಗಿನ ವಿಒಬಿ ಕಡತಗಳು, ಒಂದೊಂದೂ ಹೆಚ್ಚೆಂದರೆ 1 ಜಿಬಿ, ಅವೇ ನಿಮ್ಮ ತಾಳಮದ್ದಳೆ. ಒಟ್ಟಿಗೆ ಎಳೆಯಬೇಡಿ, ಒಂದೊಂದಾಗಿ ನಕಲು ಮಾಡಿ. ಬರಹ ಒಳಗಿನಿಂದ ಹೊರಕ್ಕೆ ಸಾಗುತ್ತದೆ, ಹಾಳಾಗುವುದು ಹೆಚ್ಚಾಗಿ ಬೆರಳು ತಾಕುವ ಅಂಚು. ಕೊನೆಯ ಕಡತ ಸಿಗದಿದ್ದರೂ ಮೊದಲಿನವು ಉಳಿಯುತ್ತವೆ.

ಕುಂದಾಪುರದ ಮಗಳು

ಎರಡು ವಾರದ ನಂತರ ಬರೆಯುತ್ತಿದ್ದೇನೆ. ನಾಲ್ಕು ಕಡತಗಳಲ್ಲಿ ಮೂರು ಪೂರ್ತಿ ಬಂದವು. ನಾಲ್ಕನೆಯದು ಅರ್ಧಕ್ಕೆ ನಿಂತಿತು, ಮಂಗಳ ಪದ್ಯ ಹೋಯಿತು. ಹೊಸ ಡಿಸ್ಕಿಗೆ ಬರೆದು, ಫೈನಲೈಸ್ ಮಾಡಿ, ಕಾಗದ ಅಂಟಿಸದೆ ಊರಿಗೆ ಒಯ್ದೆ. ಗೆಳೆಯರನ್ನೂ ಕರೆಸಲಾಯಿತು.

ಜಗಳದ ಜಾಗ ಮೂರನೆಯ ಕಡತದಲ್ಲಿದೆ. ಕರ್ಣ "ತೊಟ್ಟ ಬಾಣವನ್ನು ಮರಳಿ ತೊಡೆನು" ಎಂದು ಹೇಳಿ ಶಲ್ಯನ ಕಡೆ ನೋಡುತ್ತಾನೆ. ಶಲ್ಯ ಬಾಯಿ ತೆರೆಯುತ್ತಾನೆ, ಮುಚ್ಚುತ್ತಾನೆ, ಶಾಲು ಸರಿಮಾಡಿಕೊಳ್ಳುತ್ತಾನೆ. ನಾನೇ ಡಿಸ್‌ಪ್ಲೇ ಒತ್ತಿ ಎಣಿಸಿದೆ: 40 ಸೆಕೆಂಡ್. ಕೊನೆಗೆ ಮದ್ದಳೆಯವರು ನುಡಿಸಿ ಉಳಿಸಿದರು.

ಗೆಳೆಯರು ಒಂದು ಮಾತೂ ಆಡಲಿಲ್ಲ. ಇನ್ನೊಂದು ಲೋಟ ಕಾಫಿ ಕೇಳಿದರು. ಅಪ್ಪ ಮಾತ್ರ, ಅಲ್ಲಿ ಡಿಸ್ಕ್ ಸಿಕ್ಕಿಹಾಕಿಕೊಂಡಿದೆ, ಪ್ಲೇಯರ್ ಗೊತ್ತಿರುವವರನ್ನು ಕೇಳು ಎಂದಿದ್ದಾರೆ. ಅರ್ಧದಲ್ಲಿ ನಿಂತು ಮುಂದುವರಿಯುತ್ತದೆ ಎಂದು ನೀವೇ ಬರೆದದ್ದನ್ನು ನಾನು ಓದಿ ಹೇಳಿದ್ದೆ, ಈಗ ಅದನ್ನೇ ಹಿಡಿದುಕೊಂಡಿದ್ದಾರೆ.

ಬೆಸುಗೆ ಕಡ್ಡಿ

ಅದು ಒಂದೇ ಪದರದ ಡಿಸ್ಕ್, ತಂಗಿ. ಬದಲಾಗಲು ಅಲ್ಲಿ ಎರಡನೆಯ ಪದರವೇ ಇಲ್ಲ. ಇದ್ದಿದ್ದರೂ ಅರ್ಧ ಸೆಕೆಂಡ್. ಪದರ ಬದಲಾಗುವಾಗ ಯಾರೂ ಶಾಲು ಸರಿಮಾಡಿಕೊಳ್ಳುವುದಿಲ್ಲ.

ಅಪ್ಪನಿಗೆ ಮಾತ್ರ ಪದರ ಬದಲಾವಣೆ ಎಂದೇ ಹೇಳಿ.